ಒಲೆಯ ಕಾಲಿಗೆ ಅಡಿಕೆ ಹೋಳು

ಬಾಡಿಗೆ ಮನೆಯ ಅಡುಗೆಕಟ್ಟೆ ಮಟ್ಟಸವಾಗಿರುವುದನ್ನು ನಾನು ಕಂಡದ್ದು ಅಪರೂಪ. ಸ್ವಂತಕ್ಕೆ ಮನೆ ಕಟ್ಟಿಸುವಾಗ ಮಾಲೀಕ ಗಾರೆಯವನ ಬೆನ್ನಿಗೇ ನಿಂತು ರಸಮಟ್ಟ ಇಡಿಸುತ್ತಾನೆ. ಬಾಡಿಗೆಗೆ ಕಟ್ಟಿಸುವಾಗ "ಇರೋರು ಹೊಂದ್ಕಂತಾರೆ ಬಿಡು" ಎಂದು ಚಹಾ ಕುಡಿಯಲು ಹೋಗುತ್ತಾನೆ. ಅವನು ಚಹಾ ಮುಗಿಸಿ ಬರುವಷ್ಟರಲ್ಲಿ ಕಟ್ಟೆ ಯಾವುದೋ ಒಂದು ಕಡೆಗೆ ವಾಲಿರುತ್ತದೆ. ನನ್ನ ಸಂಸಾರ ನಡೆದದ್ದೇ ಆ ವಾಲಿನ ಮೇಲೆ.

ಚನ್ನಗಿರಿ ನನ್ನ ಊರು. ಹೊನ್ನಾಳಿ, ನ್ಯಾಮತಿ, ಜಗಳೂರು ನನ್ನ ಸುತ್ತಾಟ. ಎಸ್ಸೆಸ್ಸೆಲ್ಸಿ ಮುಗಿಸಿದ ನನಗೆ ಕೆಲಸ ಸಿಗಲಿಲ್ಲ, ಖಾಲಿ ಮನೆಗಳು ಸಿಕ್ಕವು. ಮನೆಗೆ ಜನ ಹುಡುಕುವುದು, ಜನಕ್ಕೆ ಮನೆ ಹುಡುಕುವುದು, ಹಳ್ಳಿಯಲ್ಲಿರುವ ಮಾಲೀಕರ ಪರವಾಗಿ ಬಾಡಿಗೆ ತರುವುದು, ಸೋರುವ ನಲ್ಲಿಗೆ ವಾಷರ್ ಹಾಕಿಸುವುದು, ಕೆಳಗಿನವರಿಗೂ ಮೇಲಿನವರಿಗೂ ಜಗಳವಾದಾಗ ಮೆಟ್ಟಿಲ ನಡುವೆ ನಿಂತು ಇಬ್ಬರಿಂದಲೂ ಬೈಸಿಕೊಳ್ಳುವುದು, ಇದು ನನ್ನ ವೃತ್ತಿ. ಸೊಂಟಕ್ಕೆ ಬೀಗದ ಕೈಗಳ ಗೊಂಚಲು ಸಿಕ್ಕಿಸಿಕೊಂಡು ಓಡಾಡುತ್ತಿದ್ದುದರಿಂದ ಜನ ಕೀಲಿ ಬಸಣ್ಣ ಎಂದರು. ಈಗ ಗೊಂಚಲಿನಲ್ಲಿ ಒಂದೇ ಕೀಲಿ ಉಳಿದಿದೆ. ಅದೂ ನನ್ನ ಸ್ವಂತ ಮನೆಯದಲ್ಲ.

ಈಚೆಗೆ ಈ ಕೆಲಸಕ್ಕೆ ಇಳಿದಿರುವ ಹುಡುಗರು "ಬಸಣ್ಣಾರೆ, ನಾಕು ಮಾತು ಹೇಳ್ರಿ" ಎಂದು ಬರುತ್ತಾರೆ. ಕೈಯಲ್ಲಿ ದುಡ್ಡು ಓಡಾಡಿದ ತಕ್ಷಣ ಪೇಟೆಯಲ್ಲಿ ಒಂದು ಮನೆ ಕಟ್ಟಿಸಿ ಬಾಡಿಗೆಗೆ ಬಿಡಬೇಕೆನ್ನುವ ಸುತ್ತಲಿನ ಹಳ್ಳಿಯವರೂ ಬರುತ್ತಾರೆ. ಹೇಳುತ್ತೇನೆ. ಆದರೆ ಮೊದಲೇ ಒಂದು ಮಾತು ಒಪ್ಪಿಕೊಂಡುಬಿಡಬೇಕು. ಎರಡು ಅಡಿಕೆ ಹೋಳು ಹಿಡಿದುಕೊಂಡು ನಾನು ನಲ್ಲೂರಿನ ಗೌರಕ್ಕನ ಮನೆಯನ್ನು ಅವಳ ಕೈಯಿಂದ ತಪ್ಪಿಹೋಗುವ ಹಂತಕ್ಕೆ ತಂದಿದ್ದೆ. ಅದನ್ನು ಹೇಳುವುದಕ್ಕೇ ಕೂತಿದ್ದೇನೆ. ಬುದ್ಧಿಮಾತುಗಳು ದಾರಿಖರ್ಚಿಗೆ.

ನನ್ನ ಗುರು ಪಾಲಾಕ್ಷಪ್ಪ. ಬಸ್ ಸ್ಟ್ಯಾಂಡ್ ಎದುರಿನ ಚಹಾದಂಗಡಿಯ ಬೆಂಚೇ ಅವರ ಕಚೇರಿ. ಊರಿಗೆ ವರ್ಗವಾಗಿ ಬಂದ ನೌಕರ ಬಸ್ಸಿನಿಂದ ಇಳಿದು ಬೆವರು ಒರೆಸಿಕೊಳ್ಳುವ ರೀತಿ ನೋಡಿಯೇ ಅವನಿಗೆ ಎಂಥ ಮನೆ ಬೇಕೆಂದು ಹೇಳುತ್ತಿದ್ದರು. ಅವರು ನನಗೆ ಕಲಿಸಿದ ಪಾಠಗಳು ಹೀಗಿದ್ದವು. ಕೊಡಬೇಕೆಂದಿರುವ ಮನೆಯನ್ನು ಮೊದಲು ತೋರಿಸಬೇಡ. ಮುಂಚೆ ಎರಡು ಗಬ್ಬು ಮನೆ ತೋರಿಸು, ಮೂರನೆಯದು ಅರಮನೆಯಾಗಿ ಕಾಣುತ್ತದೆ. ಹೆಂಡದಂಗಡಿ ಹತ್ತಿರದ ಮನೆಯನ್ನು ಬೆಳಿಗ್ಗೆ ತೋರಿಸು, ಶಾಲೆ ಹತ್ತಿರದ್ದನ್ನು ಭಾನುವಾರ ತೋರಿಸು. ಗಂಡ ಗೋಡೆ ನೋಡುವಾಗ ಸುಮ್ಮನಿರು, ಹೆಂಡತಿ ಅಡುಗೆಮನೆಗೆ ಹೋದಾಗ ಮಾತ್ರ ಮಾತಾಡು.

ಇವೆಲ್ಲಕ್ಕಿಂತ ದೊಡ್ಡ ವಿದ್ಯೆ ಅಡಿಕೆಯದು.

ಬಾಡಿಗೆ ಮನೆಗೆ ಹೋಗುವವರು ಸಾಮಾನು ಇಳಿಸುವ ಮುಂಚೆ ಒಲೆ ಹೂಡಿ ಹಾಲು ಉಕ್ಕಿಸುವುದು ನಮ್ಮ ಕಡೆ ತಪ್ಪದ ಪದ್ಧತಿ. ಹಾಲು ಪೂರ್ವಕ್ಕೋ ಉತ್ತರಕ್ಕೋ ಚೆಲ್ಲಿದರೆ ಮನೆ ಆಗಿಬಂತು. ದಕ್ಷಿಣಕ್ಕೆ ಚೆಲ್ಲಿದರೆ ಅದು ಯಮನ ದಿಕ್ಕು. ಹಿರಿಯರೊಬ್ಬರು ಜೊತೆಗಿದ್ದರಂತೂ ಮುಗಿಯಿತು, ಅಡ್ವಾನ್ಸ್ ವಾಪಸ್ಸು, ನಮ್ಮ ಕಮಿಷನ್ನೂ ವಾಪಸ್ಸು.

"ಹಾಲಿಗೆ ದೇವ್ರು ದಾರಿ ತೋರಿಸ್ತಾನೆ ಅಂತ ಜನ ತಿಳ್ಕಂಡಾರೆ" ಎನ್ನುತ್ತಿದ್ದರು ಪಾಲಾಕ್ಷಪ್ಪ. "ಪಾಪ, ಒಬ್ಬನೇ ದೇವ್ರು ಎಷ್ಟು ಅಡುಗೆಮನಿ ನೋಡಾಕೆ ಆಗ್ತೈತಪ್ಪ? ನಾವೂ ಸ್ವಲ್ಪ ಕೈ ಹಚ್ಬೇಕು."

ಕೈ ಹಚ್ಚುವುದು ಸುಲಭ. ಒಂದು ಅಡಿಕೆ, ಎರಡು ಹೋಳು, ಒಲೆಯ ಎರಡು ಕಾಲು. ಅಡುಗೆ ಮಾಡುವವರು ಪೂರ್ವಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ಹಾಗಾಗಿ ಮುಂದಿನ ಎರಡು ಕಾಲಿಗೆ ಹೋಳು ಇಟ್ಟರೆ ಒಲೆ ಗೋಡೆಯ ಕಡೆಗೆ ಬಗ್ಗುತ್ತದೆ, ಹಾಲು ಪೂರ್ವಕ್ಕೆ. ಬಲಗಡೆಯ ಕಾಲುಗಳಿಗೆ ಇಟ್ಟರೆ ಉತ್ತರಕ್ಕೆ. ಎಡಗಡೆ ಮಾತ್ರ ಇಡಬಾರದು. ಯಾರಿಗೂ ಕಾಣುವುದಿಲ್ಲ; ಕಂಡರೂ ಅಡಿಕೆ ನಮ್ಮೂರಲ್ಲಿ ಎಲ್ಲಿ ಬಿದ್ದಿರುವುದಿಲ್ಲ? ಒಲೆ ಜೋಡಿಸಿಕೊಡುವ ನೆಪದಲ್ಲಿ ನಾನು ಎಲ್ಲರಿಗಿಂತ ಮುಂಚೆ ಹೋಗುತ್ತಿದ್ದೆ. "ಬಸಣ್ಣನ ಕೈಗುಣ ಒಳ್ಳೇದು, ಅವ್ನು ಕೊಡಿಸಿದ ಮನೇಲಿ ಹಾಲು ತಪ್ಪಂಗಿಲ್ಲ" ಎಂಬ ಹೆಸರು ಬಂತು. ನಾಲ್ಕು ತಾಲ್ಲೂಕಿನಲ್ಲೂ ಹಾಲು ನನ್ನ ಮಾತು ಕೇಳುತ್ತಿತ್ತು.

ನೀರು ಮಾತ್ರ ಕೇಳಲಿಲ್ಲ. ಜಗಳೂರಿನಲ್ಲಿ ಒಬ್ಬ ಮೇಷ್ಟ್ರಿಗೆ ಮನೆ ತೋರಿಸುವ ಮುಂಚೆ ಟ್ಯಾಂಕರ್ ತರಿಸಿ ಮೇಲಿನ ತೊಟ್ಟಿ ತುಂಬಿಸಿದ್ದೆ. ಮೇಷ್ಟ್ರು ಬಂದಾಗ ಎಲ್ಲ ನಲ್ಲಿಗಳನ್ನೂ ತಿರುವಿ ತೋರಿಸಿದೆ. ಜಗಳೂರಿನಲ್ಲಿ ಅಷ್ಟು ನೀರು ಒಟ್ಟಿಗೆ ಸುರಿಯುವುದನ್ನು ನೋಡಿ ಮಾಲೀಕನೇ ಬಾಯಿ ಬಿಟ್ಟುಕೊಂಡು ನಿಂತಿದ್ದ. ಮೇಷ್ಟ್ರು ಅಲ್ಲೇ ಅಡ್ವಾನ್ಸ್ ಕೊಟ್ಟರು. ಆ ವಾರವೇ ಫೋನು.

"ಬಸಣ್ಣಾರೆ, ನಲ್ಲಿ ತಿರುವಿದ್ರೆ ಬುಸ್ ಅಂತೈತ್ರಿ. ಒಳಗೆ ಹಾವಿಗೇನಾದ್ರೂ ಬಾಡಿಗೆ ಕೊಟ್ಟೀರೇನು?"

ಆದ್ದರಿಂದ ಹೇಳುತ್ತೇನೆ. ಬಾಡಿಗೆಗೆಂದು ಮನೆ ಕೊಳ್ಳುವವರು ನಲ್ಲಿ ತಿರುವಿ ನೋಡಬೇಡಿ, ಪಕ್ಕದ ಮನೆಯಾಕೆ ಪಾತ್ರೆ ತೊಳೆಯುವಾಗ ಹೋಗಿ "ನೀರು ಯಾವಾಗ ಬಿಡ್ತಾರಮ್ಮ?" ಎಂದು ಕೇಳಿ. ಆಕೆಗೆ ನಿಮ್ಮಿಂದ ಏನೂ ಆಗಬೇಕಿಲ್ಲ, ನಿಜ ಹೇಳುತ್ತಾಳೆ. ಮುಂಬಾಗಿಲಿಗೆ ಕೆತ್ತನೆ ಮಾಡಿಸುವ ದುಡ್ಡಿನಲ್ಲಿ ಸಂಪು ದೊಡ್ಡದು ಮಾಡಿಸಿ. ಕೆತ್ತನೆ ನೋಡಿ ಬಂದವರು ನೀರು ನೋಡಿ ಹೋಗುತ್ತಾರೆ.

ಹೊನ್ನಾಳಿಯದು ಇದರ ತಿರುವುಮುರುವು. ಹೊಳೆಗೆ ಹತ್ತಿರದ ಒಂದು ಮನೆಯನ್ನು ಬೇಸಿಗೆಯಲ್ಲಿ ಬ್ಯಾಂಕಿನ ಗುಮಾಸ್ತರೊಬ್ಬರಿಗೆ ತೋರಿಸಿದೆ. ಕಿಟಕಿ ತೆರೆದು "ನೋಡ್ರಿ ಸಾರ್, ಕೂತಲ್ಲೇ ತುಂಗಭದ್ರೆ ಕಾಣ್ತಾಳೆ" ಎಂದೆ. ಗೋಡೆಗೆ ಹೊಸ ಬಣ್ಣ ಹೊಡೆದಿತ್ತು, ಆದರೆ ಸೊಂಟದೆತ್ತರದವರೆಗೆ ಮಾತ್ರ. ಅದೇಕೆ ಎಂದು ಅವರು ಕೇಳಿದರು. ಈಗಿನ ಫ್ಯಾಷನ್ ಎಂದೆ. ಮಳೆಗಾಲದಲ್ಲಿ ಅವರ ಫೋನು ಬಂದಾಗ ನಾನು ಬೇಕೆಂದೇ ಎತ್ತಲಿಲ್ಲ. ಆಮೇಲೆ ಪೇಟೆಯಲ್ಲಿ ಸಿಕ್ಕಿ ಕೈ ಹಿಡಿದುಕೊಂಡರು.

"ಬಸಣ್ಣ, ಹೊಳೆ ನೋಡಾಕೆ ಕಿಟಕಿ ತೆಗೀಬೇಕಾಗಿಲ್ಲ ಮಾರಾಯ. ಅಡುಗೆಮನೆಗೇ ಬಂದಿತ್ತು. ನನ್ನ ಚಪ್ಪಲಿ ನೋಡಾಕೆ ಹರಿಹರಕ್ಕೆ ಹೋಗ್ಬೇಕು."

ಆತ ನಕ್ಕುಬಿಟ್ಟದ್ದರಿಂದ ನನಗೆ ಇನ್ನೂ ಹೆಚ್ಚು ನಾಚಿಕೆಯಾಯಿತು. ಗೋಡೆಯ ಹೊಸ ಬಣ್ಣ ಎಲ್ಲಿಗೆ ನಿಂತಿದೆಯೋ ಹೊಳೆ ಅಲ್ಲಿಯವರೆಗೆ ಬಂದಿತ್ತೆಂದು ತಿಳಿಯಿರಿ.

ನ್ಯಾಮತಿ ತಾಲ್ಲೂಕಾದಾಗ ಅಲ್ಲಿನ ಹಾಲಪ್ಪ ಎಂಬುವರು ಎರಡು ಅಂತಸ್ತು ಎಬ್ಬಿಸಿದರು. ಯಾವುದಾದರೂ ಸರ್ಕಾರಿ ಕಚೇರಿ ಬಾಡಿಗೆಗೆ ಬಂದೇ ಬರುತ್ತದೆ ಎಂದು ಅವರ ಲೆಕ್ಕ. ಹೊಲಿಗೆ ಕಲಿಸುವ ಒಬ್ಬ ಹೆಣ್ಣುಮಗಳನ್ನು ಕರೆದುಕೊಂಡು ಹೋದೆ. ಆಗುವುದಿಲ್ಲವೆಂದರು. ಟ್ಯೂಷನ್ ಹೇಳುವವನನ್ನು ಒಯ್ದೆ. "ಬಸಣ್ಣ, ಇದು ಬೋರ್ಡ್ ಬರೋ ಬಿಲ್ಡಿಂಗು, ಚಿಲ್ಲರೆ ಜನರನ್ನ ತರಬ್ಯಾಡ" ಎಂದರು. ಕೊನೆಗೆ ಮಹಡಿ ತುಂಬ ಪಾರಿವಾಳಗಳು ಸೇರಿಕೊಂಡವು, ಕಚೇರಿ ಸಮಯಕ್ಕಿಂತ ಮುಂಚೆಯೇ ಬಂದು ಸಂಜೆಯವರೆಗೆ ಗುಟುರು ಹಾಕುತ್ತಿದ್ದವು. ಖಾಲಿ ಮನೆ ಬೇಗ ಮುದಿಯಾಗುತ್ತದೆ. ದೊಡ್ಡ ಬಾಡಿಗೆಗೆ ಕಾಯುವುದಕ್ಕಿಂತ ದೀಪ ಹಚ್ಚುವ ಬಾಡಿಗೆದಾರ ಮೇಲು. ವರ್ಷದಲ್ಲಿ ಒಂದೆರಡು ತಿಂಗಳು ಮನೆ ಖಾಲಿ ಇರುತ್ತದೆ ಎಂದು ಮೊದಲೇ ಎಣಿಸಿಕೊಂಡು ಸಾಲ ಮಾಡಿ. ಬಂದ ಅಡ್ವಾನ್ಸನ್ನು ಮಗಳ ಮದುವೆಗೆ ಹಾಕಬೇಡಿ; ಅದು ನಿಮ್ಮ ದುಡ್ಡಲ್ಲ, ನಿಮ್ಮ ಹತ್ತಿರ ಮಲಗಿರುವ ಅವರ ದುಡ್ಡು.

ಖಾಲಿ ಮನೆಯ ಮಾತು ಬಂತಲ್ಲ. ಇನ್ನು ತಪ್ಪಿಸಿಕೊಳ್ಳುವಂತಿಲ್ಲ, ಗೌರಕ್ಕನ ವಿಷಯಕ್ಕೆ ಬರುತ್ತೇನೆ.

ಗೌರಕ್ಕ ನನಗಿಂತ ತುಸು ಹಿರಿಯಳು. ಗಂಡ ತೀರಿಕೊಂಡ ಮೇಲೆ ನಲ್ಲೂರಿನಲ್ಲಿ ಅಣ್ಣನ ಮನೆಯಲ್ಲಿ ಇದ್ದಳು. ಗಂಡನ ಕಡೆಯಿಂದ ಬಂದ ಪಾಲಿನಲ್ಲಿ ಚನ್ನಗಿರಿ ಪೇಟೆಯ ಹಿಂದಿನ ಓಣಿಯಲ್ಲಿ ಒಂದು ಮನೆ ಕಟ್ಟಿಸಿದಳು. ಸೈಟು ಹುಡುಕಿದವನು ನಾನು, ಗಾರೆಯವನನ್ನು ಕರೆತಂದವನು ನಾನು, ಕಟ್ಟೆ ಹಾಕುವ ದಿನ ಚಹಾ ಕುಡಿಯಲು ಹೋದವನೂ ನಾನೇ. ಕಟ್ಟೆ ದಕ್ಷಿಣಕ್ಕೆ ಒಂದು ನೂಲು ವಾಲಿತು. ಮೊದಲ ಬಾಡಿಗೆದಾರ ತಿಪ್ಪೇಸ್ವಾಮಿ ಬಂದಾಗ ಬಲಗಾಲಿಗೆ ಹೋಳು ಇಟ್ಟು ಉತ್ತರಕ್ಕೆ ಉಕ್ಕಿಸಿದೆ. ಅವನು ಚೆನ್ನಾಗಿ ಬಾಳಿದ. ಗೌರಕ್ಕ ತಿಂಗಳು ತಿಂಗಳು ಬಾಡಿಗೆ ಎಣಿಸಿಕೊಂಡು ಅಣ್ಣನ ಮನೆಗೆ ಬೇಳೆ, ಬೆಲ್ಲ, ಎಣ್ಣೆ ಹೊತ್ತುಕೊಂಡು ಹೋಗುತ್ತಿದ್ದಳು.

ಒಂದು ಸಲ ಬಸ್ಸಿಗೆ ಕಾಯುವಾಗ ಹೇಳಿದಳು. "ನಮ್ಮಣ್ಣ ಕೆಟ್ಟೋನಲ್ಲ ಬಸಣ್ಣ, ಅತ್ತಿಗೇನೂ ಬಂಗಾರದಂಥಾಕಿ. ಆದ್ರೂ ಈ ಬಾಡಿಗೆ ಬರೋಗಂಟ ನಾನು ಎರಡ್ನೇ ಸಲ ಸಾರಿಗೆ ತಟ್ಟೆ ಮುಂದೆ ಮಾಡಿರ್ಲಿಲ್ಲ ನೋಡು."

ಇದನ್ನು ಕೇಳಿಯೂ ಮುಂದಿನದನ್ನು ಮಾಡಿದೆ. ಅದಕ್ಕೇ ಇದು ಕಥೆಯಲ್ಲ, ತಪ್ಪೊಪ್ಪಿಗೆ.

ತಿಪ್ಪೇಸ್ವಾಮಿಗೆ ದಾವಣಗೆರೆಗೆ ವರ್ಗವಾಯಿತು. ಆ ಮನೆಗೆ ಕಾಲೇಜಿನ ಲೆಕ್ಚರರ್ ಒಬ್ಬರು ಗೊತ್ತಾದರು. ಅದೇ ಹೊತ್ತಿಗೆ ಅಡಿಕೆ ವ್ಯಾಪಾರದ ಶೇಖರಪ್ಪ ಅದೇ ಓಣಿಯ ತುದಿಯಲ್ಲಿ ಮೂರಂತಸ್ತು ಕಟ್ಟಿಸಿ, ಒಂದೊಂದು ಮನೆ ತುಂಬಿಸಿದರೆ ನನಗೆ ಎರಡು ತಿಂಗಳ ಬಾಡಿಗೆ ಕಮಿಷನ್ ಎಂದಿದ್ದರು. ಲೆಕ್ಚರರಂಥ ಬಾಡಿಗೆದಾರ ಒಬ್ಬ ಹೋದರೆ ಹಿಂದೆ ನಾಲ್ಕು ಜನ ಬರುತ್ತಾರೆ. ಆದರೆ ಮಾತು ಕೊಟ್ಟ ಮನೆಯಿಂದ ಅವರನ್ನು ಎಬ್ಬಿಸುವುದು ಹೇಗೆ?

ಹಾಲು ಉಕ್ಕಿಸುವ ದಿನ ನಾನು ಎಂದಿನಂತೆ ಮುಂಚೆ ಹೋದೆ. ಕಟ್ಟೆಯ ವಾಲನ್ನಷ್ಟೇ ನಂಬಿ ಕೂರದೆ, ಎಂದೂ ಇಡದ ಎಡಗಾಲುಗಳಿಗೆ ಹೋಳು ಇಟ್ಟೆ.

ಲೆಕ್ಚರರ ಅತ್ತೆ ಪುಟ್ಟಮ್ಮ ಕೈಮುಗಿದುಕೊಂಡು ನಿಂತಿದ್ದರು. ಹಾಲು ಬಂತು, ನೊರೆ ಎದ್ದಿತು, ಸೀದಾ ದಕ್ಷಿಣಕ್ಕೆ ಇಳಿಯಿತು.

"ಅಯ್ಯೋ ಶಿವನೇ! ಏನಿದು ಬಸಣ್ಣ?"

ನಾನು ಸುಳ್ಳು ಹೇಳಲಿಲ್ಲ. ಮುಖ ಸಪ್ಪಗೆ ಮಾಡಿಕೊಂಡು, "ಏನು ಹೇಳ್ಲಿ ಪುಟ್ಟಮ್ಮಾರೆ... ಹಿಂದಿದ್ದ ತಿಪ್ಪೇಸ್ವಾಮಿನೂ..." ಎಂದು ಅಲ್ಲಿಗೇ ನುಂಗಿದೆ. ಅರ್ಧ ಮಾತಿಗಿರುವ ಶಕ್ತಿ ಪೂರ್ತಿ ಸುಳ್ಳಿಗಿಲ್ಲ. ಉಳಿದರ್ಧವನ್ನು ಕೇಳಿದವರೇ ತಮಗೆ ಬೇಕಾದಂತೆ ತುಂಬಿಕೊಳ್ಳುತ್ತಾರೆ. ಓಣಿಯ ಮಾತಿನಲ್ಲಿ ಸಂಜೆಯ ಹೊತ್ತಿಗೆ ತಿಪ್ಪೇಸ್ವಾಮಿಗೆ ಮೈ ಹುಷಾರಿರಲಿಲ್ಲ, ಮರುದಿನ ಆಸ್ಪತ್ರೆಯಲ್ಲಿದ್ದ, ವಾರ ಕಳೆಯುವುದರೊಳಗೆ ಓಣಿಯ ಜನ ಅವನನ್ನು ಮಣ್ಣು ಮಾಡಿ ಬಂದಿದ್ದರು. ಪುಟ್ಟಮ್ಮನವರು ಮಗಳು ಅಳಿಯನೊಂದಿಗೆ ಶೇಖರಪ್ಪನ ಕಟ್ಟಡಕ್ಕೆ ಹೋದರು. ಅಲ್ಲಿ ಹಾಲು ಪೂರ್ವಕ್ಕೆ ಉಕ್ಕಿತು. ಉಕ್ಕದೆ ಏನು ಮಾಡುತ್ತದೆ?

ಎರಡು ದಿನ ಬಿಟ್ಟು ಗೌರಕ್ಕನಿಗೆ ಬೇರೆ ಯಾರನ್ನಾದರೂ ತಂದರಾಯಿತು ಎಂದುಕೊಂಡಿದ್ದೆ. ಕರೆತಂದೆ ಕೂಡ. ಬಂದವರು ಓಣಿಯ ಬಾಯಿಗೆ ಬರುವಷ್ಟರಲ್ಲಿ ಎದುರು ಮನೆಯ ನಿಂಗಮ್ಮ ಕಸಬರಿಗೆ ಕೆಳಗಿಟ್ಟು "ಯಾವ ಮನಿಗೆ ಬಂದ್ರಿ? ಓ, ಆ ಮನೀಗಾ?" ಎನ್ನುತ್ತಿದ್ದಳು. ಅಷ್ಟೇ. ಆಕೆಯೂ ಅರ್ಧ ಮಾತಿನ ವಿದ್ಯೆ ಬಲ್ಲವಳು.

ಬಾಡಿಗೆ ಇಳಿಸಿದೆ. "ಇಷ್ಟು ಕಮ್ಮೀನಾ? ಹಂಗಾರೆ ನಿಜಾನೇ ಇರ್ಬೇಕು" ಎಂದರು. ಗೌರಕ್ಕನಿಗೆ ಹೇಳಿ ಶಾಂತಿ ಮಾಡಿಸಿದೆ. ಹೋಮದ ಹೊಗೆ ಓಣಿಯೆಲ್ಲ ತುಂಬಿ, ಅಲ್ಲಿಯವರೆಗೆ ಗೊತ್ತಿಲ್ಲದವರಿಗೂ ಗೊತ್ತಾಯಿತು. "ರೋಗ ಇಲ್ದೆ ಯಾರಾದ್ರೂ ಔಷಧಿ ಕುಡೀತಾರಾ?" ಎಂದಳು ನಿಂಗಮ್ಮ. ಹುಡುಗರೇ, ಹೆಸರು ಕೆಟ್ಟ ಮನೆಗೆ ಬಾಡಿಗೆ ಇಳಿಸಬೇಡಿ, ಶಾಂತಿಯನ್ನೂ ಮಾಡಿಸಬೇಡಿ. ಎರಡೂ ಡಂಗುರ ಹೊಡೆಸಿದ ಹಾಗೆ.

ಕೊನೆಗೆ ದಾವಣಗೆರೆಗೆ ಹೋಗಿ ತಿಪ್ಪೇಸ್ವಾಮಿಯನ್ನೇ ಕರೆತಂದೆ. ಬದುಕಿರುವ ಮನುಷ್ಯನಿಗಿಂತ ಬೇರೆ ಸಾಕ್ಷಿ ಬೇಕೆ? "ನಾನು ಸತ್ತಿಲ್ಲ ಅಂತ ಹೇಳಾಕೆ ರಜೆ ಹಾಕಿ ಬರ್ಬೇಕಾ?" ಎಂದು ಗೊಣಗುತ್ತಲೇ ಬಂದ. ಅವನನ್ನು ಓಣಿಯಲ್ಲಿ ಮೇಲಿಂದ ಕೆಳಗೆ ಎರಡು ಸಲ ನಡೆಸಿದೆ. ಅವನಿಗೆ ಆಗಷ್ಟೇ ಸಕ್ಕರೆ ಕಾಯಿಲೆ ಗೊತ್ತಾಗಿ, ಪಥ್ಯ ಹಿಡಿದು, ಸ್ವಲ್ಪ ಇಳಿದಿದ್ದ. ನಿಂಗಮ್ಮ ಅವನ ಮುಖವನ್ನೇ ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಅಯ್ಯೋ ಪಾಪ, ಹೆಂಗಿದ್ದೋನು ಹೆಂಗಾಗಾನೆ ನೋಡ್ರೇ! ಆ ಮನಿ ಬಿಟ್ಟಿದ್ದಕ್ಕೆ ಇಷ್ಟಾದ್ರೂ ಉಳ್ಕಂಡಾನೆ."

ತಿಪ್ಪೇಸ್ವಾಮಿ ಬಸ್ಸು ಹತ್ತುವಾಗ ನನ್ನನ್ನು ಕೇಳಿದ, "ಬಸಣ್ಣ, ನಿಜ ಹೇಳು, ಆ ಮನೇಲಿ ಏನಾದ್ರೂ ಇತ್ತಾ?"

ಇನ್ನು ಉಳಿದದ್ದು ನಿಜ ಹೇಳುವುದು. ಪಾಲಾಕ್ಷಪ್ಪ ತೀರಿಕೊಂಡಿದ್ದರು, ಅವರ ಬೆಂಚಿನ ಮೇಲೆ ಕೂತು, ಚಹಾ ಕುಡಿಯುತ್ತಿದ್ದ ಎಲ್ಲರ ಎದುರಿಗೆ ಹೇಳಿದೆ. ಮನೆಯಲ್ಲಿ ಏನೂ ಇಲ್ಲ, ನಾನೇ ಒಲೆಯ ಕಾಲಿಗೆ ಅಡಿಕೆ ಇಟ್ಟಿದ್ದೆ ಎಂದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ಗೌರಕ್ಕ ಎಷ್ಟು ಕಮಿಷನ್ ಹೇಳ್ಯಾಳಪ್ಪ? ಮನೆ ಪಾಪಾನೂ ತನ್ನ ಮೇಲೆ ಹೇರ್ಕಣಾಕೆ ಹೊಂಟಾನೆ!" ಜೀವನವಿಡೀ ಸುಳ್ಳಿನ ಅಂಗಡಿ ಇಟ್ಟವನು ಒಂದು ದಿನ ನಿಜ ಮಾರಲು ಕೂತರೆ ಗಿರಾಕಿ ಬರುವುದಿಲ್ಲ. ಆ ಮಾತು ಬೆಂಚು ಬಿಟ್ಟು ಎದ್ದು ನಮ್ಮ ಮನೆಗೂ ಬರಲಿಲ್ಲ, ನಲ್ಲೂರಿಗೂ ಹೋಗಲಿಲ್ಲ.

ಹೀಗೆ ಎರಡು ವರ್ಷ ಆ ಮನೆಯ ಕೀಲಿ ನನ್ನ ಸೊಂಟದಲ್ಲೇ ಇತ್ತು. ಮಿಕ್ಕ ಕೀಲಿಗಳು ಬರುತ್ತ ಹೋಗುತ್ತ ಇದ್ದವು, ಅದೊಂದು ಕದಲಲಿಲ್ಲ.

ಒಂದು ಬೆಳಿಗ್ಗೆ ಗೌರಕ್ಕ ನಮ್ಮ ಮನೆಗೆ ಬಂದಳು. ಕೈಚೀಲ ಖಾಲಿ ಇತ್ತು. ಬೇಳೆ ಬೆಲ್ಲ ಕೊಂಡು ಹೋಗುವ ಚೀಲ ಅದು. ನನ್ನ ಹೆಂಡತಿ ಶಾರದೆ ಉಪ್ಪಿಟ್ಟು ಕೊಟ್ಟಳು. ಇನ್ನು ಸ್ವಲ್ಪ ಹಾಕಲು ಹೋದರೆ ಗೌರಕ್ಕ ತಟ್ಟೆಯ ಮೇಲೆ ಕೈ ಅಡ್ಡ ಇಟ್ಟಳು.

"ಮನಿ ಮಾರ್ಬಿಡ್ತೀನಿ ಬಸಣ್ಣ. ಆ ಶೇಖರಪ್ಪ ಗೋಡೌನ್ ಮಾಡಾಕೆ ಕೇಳ್ತಿದಾನಂತೆ, ಅಣ್ಣ ಮಾತಾಡಿ ಬಂದಾನೆ. ಕಮ್ಮೀಗೆ ಕೇಳ್ತಾನೆ, ಕೇಳ್ಲಿ ಬಿಡು, ಹೆಸರು ಕೆಟ್ಟೈತಲ್ಲ. ಮುಂದಿನ ಸೋಮವಾರ ಮುಂಗಡ ಕೊಡ್ತಾನೆ. ನೀನೇ ಮುಂದೆ ನಿಂತು ಮಾಡ್ಸು. ನಿನ್ನ ಬಿಟ್ರೆ ನಾನ್ಯಾರನ್ನ ನಂಬ್ಲಿ?"

ಆ ಮಾರಾಟದಲ್ಲಿ ನನಗೆ ಎರಡೂ ಕಡೆಯಿಂದ ಕಮಿಷನ್ ಬರುವುದಿತ್ತು. ನನ್ನ ಬಾಯಿಂದ ಬಂದದ್ದು ಮಾತ್ರ ಬೇರೆ. "ಮಾರಬ್ಯಾಡ ಗೌರಕ್ಕ. ನಾನೇ ಬರ್ತೀನಿ ಬಾಡಿಗೆಗೆ. ಭಾನುವಾರ ಬೆಳಿಗ್ಗೆ ಹಾಲು ಉಕ್ಕಿಸ್ತೀನಿ, ನೀನೂ ಬಾ."

ಆಕೆ ಹೋದ ಮೇಲೆ ಶಾರದೆ ಸೌಟು ಹಿಡಿದುಕೊಂಡೇ ಬಂದಳು. "ನಾವು ಬದುಕಿ ತೋರಿಸ್ಬೇಕೇನ್ರಿ ಈಗ?" ಎಂದಳು. ಅವಳಿಗೆ ಎಲ್ಲ ಹೇಳಿದೆ. ಒಂದೇ ಮಾತು ಕೇಳಿದಳು. "ನಮ್ಮ ಈ ಮನಿಗೆ ಬಂದಾಗ ಉತ್ತರಕ್ಕೆ ಉಕ್ಕಿದ್ದು?" ನಾನು ಗೋಡೆ ನೋಡಿದೆ.

ಭಾನುವಾರ ಓಣಿಯ ಹೆಂಗಸರೆಲ್ಲ ಅಡುಗೆಮನೆಯಲ್ಲಿ ಹಿಡಿಸಲಾರದೆ ಬಾಗಿಲಲ್ಲೂ ಕಿಟಕಿಯಲ್ಲೂ ನಿಂತಿದ್ದರು. ನಿಂಗಮ್ಮ ಮುಂದಿನ ಸಾಲಿನಲ್ಲಿದ್ದಳು. ಓಣಿಯ ತುದಿಯಿಂದ ಪುಟ್ಟಮ್ಮನವರೂ ಬಂದಿದ್ದರು. ಗೌರಕ್ಕ ಮೂಲೆಯಲ್ಲಿ ಸೆರಗು ಹೊದ್ದು ನಿಂತಿದ್ದಳು. ಮರುದಿನ ಮುಂಗಡ ತೆಗೆದುಕೊಳ್ಳುವವಳು ಆಕೆ. ಶಾರದೆ ಒಲೆ ಇಟ್ಟು ಹಾಲು ಏರಿಸಿದಳು. ಒಲೆಯ ಕೆಳಗೆ ಏನೂ ಇರಲಿಲ್ಲ. ಹಾಲು ಎದ್ದು, ಕಟ್ಟೆಯ ವಾಲು ಹಿಡಿದು, ದಕ್ಷಿಣಕ್ಕೆ ಇಳಿಯಿತು.

"ಹೋ" ಎಂದು ಎಲ್ಲರೂ ಒಟ್ಟಿಗೆ ಉದ್ಗರಿಸಿದರು. ಗೌರಕ್ಕ ಕಣ್ಣು ಮುಚ್ಚಿಕೊಂಡಳು.

"ತಡೀರಿ, ಇನ್ನೂ ಮುಗಿದಿಲ್ಲ" ಎಂದೆ. ಜೇಬಿನಿಂದ ಅಡಿಕೆ ಹೋಳು ತೆಗೆದು ಎಲ್ಲರಿಗೂ ಕಾಣುವಂತೆ ಬಲಗಾಲುಗಳಿಗೆ ಇಟ್ಟೆ. ಶಾರದೆ ಮತ್ತೆ ಹಾಲು ಸುರಿದಳು. ಉತ್ತರಕ್ಕೆ ಉಕ್ಕಿತು. ಹೋಳು ತೆಗೆದು ಮುಂದಿನ ಕಾಲುಗಳಿಗೆ ಇಟ್ಟೆ. ಪೂರ್ವಕ್ಕೆ, ಗೋಡೆಯ ಮೇಲೆ. ಹಿಂದಿನ ಕಾಲುಗಳಿಗೆ ಇಟ್ಟೆ. ಪಶ್ಚಿಮಕ್ಕೆ, ನನ್ನ ಪಂಚೆಯ ಮೇಲೆ. ನಾನು ಹಾರಿದ್ದು ನೋಡಿ ಕಿಟಕಿಯಲ್ಲಿದ್ದ ಹುಡುಗಿಯೊಬ್ಬಳು ಕಿಸಕ್ಕೆಂದಳು. ಆಮೇಲೆ ಒಬ್ಬೊಬ್ಬರಾಗಿ ನಗತೊಡಗಿದರು. "ಇನ್ನೊಂದು ಸಲ ಉತ್ತರಕ್ಕೆ ಮಾಡಪ್ಪ!" ಎಂದು ಯಾರೋ ಕೂಗಿದರು. ಓಣಿಯ ಭಯವೆಲ್ಲ ಆ ಹಾಲಿನ ಜೊತೆ ಬಚ್ಚಲಿಗೆ ಹರಿದುಹೋಯಿತು.

ಪುಟ್ಟಮ್ಮನವರು ಮಾತ್ರ ನಗಲಿಲ್ಲ.

"ಬಸಣ್ಣ, ಹಂಗಾರೆ ನಮ್ಮನಿ ಹಾಲು? ಪೂರ್ವಕ್ಕೆ ಉಕ್ಕಿತ್ತಲ್ಲ?"

"ಅದೂ ಅಡಿಕೇನೇ ಪುಟ್ಟಮ್ಮಾರೆ."

"ನಿನ್ನ ಮನಿ ಕಾಯ! ಅದಕ್ಕೇ ಆ ಬಚ್ಚಲು ಹಂಗೆ ಸೋರ್ತೈತೆ!"

ಸಂಜೆಯಿಂದ ನನ್ನ ಫೋನು ಸುಮ್ಮನಾಗಲಿಲ್ಲ. ಮೊದಲಾದರೆ ಸುದ್ದಿ ಬಸ್ಸಿನಲ್ಲಿ ಹೋಗಬೇಕಿತ್ತು, ಈಗ ವಾಟ್ಸಪ್ಪಿನಲ್ಲಿ ಹೋಗುತ್ತದೆ. ಹೊನ್ನಾಳಿಯಿಂದ, ನ್ಯಾಮತಿಯಿಂದ, ನಾನು ಮರೆತೇಬಿಟ್ಟಿದ್ದ ಮನೆಗಳಿಂದ ಒಂದೇ ಪ್ರಶ್ನೆ: "ನಮ್ದೂನಾ?" ಹೌದೆಂದೆ. ಜಗಳೂರಿನ ಮೇಷ್ಟ್ರು ಮಾತ್ರ "ನಮ್ಮನೇಲಿ ಹಾಲಾದ್ರೂ ಉಕ್ಕಿತ್ತಲ್ಲ, ಬಿಡ್ರಿ" ಎಂದರು. ಮಾಲೀಕರು ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಕೀಲಿ ಬಿಚ್ಚಿಕೊಂಡು ಹೋದರು. ಶೇಖರಪ್ಪ ಬಂದು ಕೈ ಚಾಚಿದರು. ನೌಕರರಿಗೆ ನಿವೃತ್ತಿಯ ದಿನ ಹಾರ ಹಾಕುತ್ತಾರೆ. ನನ್ನ ಸೊಂಟ ಹಗುರವಾಯಿತು, ಅಷ್ಟೇ.

ಆ ಬೆಳಿಗ್ಗೆಯ ಇನ್ನೊಂದು ಮಾತು ಹೇಳಬೇಕು. ಹೆಂಗಸರೆಲ್ಲ ಹೋದ ಮೇಲೆ ಗೌರಕ್ಕ ಮೂಲೆಯಿಂದ ಬಂದು ಕಟ್ಟೆಯ ಮೇಲಿದ್ದ ಹೋಳನ್ನು ಕೈಗೆ ತೆಗೆದುಕೊಂಡಳು. ತಿರುಗಿಸಿ ತಿರುಗಿಸಿ ನೋಡಿದಳು.

"ನನ್ನ ಮನಿಗಾ ಬಸಣ್ಣ?"

ನಾನು ಕಟ್ಟೆಯ ಮೇಲೆ ಚೆಲ್ಲಿದ್ದ ಹಾಲು ಒರೆಸತೊಡಗಿದೆ. ಒರೆಸುತ್ತಲೇ, "ಈಗ ಮನೆ ಹೆಸರು ಸರಿಹೋಯ್ತು ಗೌರಕ್ಕ, ಒಳ್ಳೆ ಬಾಡಿಗೆದಾರ್ರು ಬರ್ತಾರೆ. ನಾನು ಖಾಲಿ ಮಾಡ್ತೀನಿ" ಎಂದೆ.

"ಯಾಕೆ ಖಾಲಿ ಮಾಡ್ತೀ? ಹಾಲು ಉಕ್ಕಿಸೀಯಲ್ಲ, ನಾಕೂ ದಿಕ್ಕಿಗೆ! ಇರು. ಎಲ್ರಿಗಿಂತ ಜಾಸ್ತಿ ಅಡ್ವಾನ್ಸ್ ಕೊಟ್ಟು ಇರು. ಹನ್ನೊಂದು ತಿಂಗಳ ಕರಾರು ಬರೆಸು. ಐದ್ನೇ ತಾರೀಖಿಗೆ ನಾನೇ ಬರ್ತೀನಿ, ಫೋನಿನಾಗೆ ಕಳ್ಸಬ್ಯಾಡ, ಕೈಗೇ ಕೊಡ್ಬೇಕು."

"ಕಟ್ಟೆ ಮಟ್ಟ ಮಾಡಿಸ್ಲಾ?"

"ಬ್ಯಾಡ. ಹಂಗೇ ಇರ್ಲಿ. ನಿನಗೆ ನೆನಪಿರ್ಲಿ."

ನಮ್ಮ ಹಳೆಯ ಬಾಡಿಗೆ ಮನೆಯಲ್ಲಿ ಜೊತೆಗಿದ್ದ ನನ್ನ ತಮ್ಮನ ಸಂಸಾರ ಬೆಳೆದು ಜಾಗವೂ ಸಾಲುತ್ತಿರಲಿಲ್ಲ. ಇಲ್ಲೇ ಉಳಿದೆವು. ಮೊದಲ ವರ್ಷ ನನಗೆ ನೆಗಡಿಯಾಗುವ ಹಕ್ಕೂ ಇರಲಿಲ್ಲ. ಸೀನಿದರೆ ನಿಂಗಮ್ಮ ಎದುರಿನಿಂದ "ಏನ್ ಬಸಣ್ಣ, ಹೆಂಗದೀಯಾ?" ಎಂದು ಕೂಗುತ್ತಿದ್ದಳು, ನಾನು ಬಾಗಿಲಿಗೆ ಬಂದು ಗಟ್ಟಿಯಾಗಿ ನಿಂತು ತೋರಿಸಬೇಕಿತ್ತು. ಬಾಡಿಗೆದಾರನಾದ ಮೇಲೆ ಕಲಿತದ್ದು, ಮಾಲೀಕರ ಕಡೆ ಇದ್ದಾಗ ಕಲಿತದ್ದಕ್ಕಿಂತ ಹೆಚ್ಚು. ಗೋಡೆಗೆ ಒಂದು ಮೊಳೆ ಹೊಡೆಯಲು ಇನ್ನೊಬ್ಬರನ್ನು ಕೇಳುವುದು ಹೇಗಿರುತ್ತದೆ ಎಂದು ಗೊತ್ತಾಯಿತು. ಮನೆ ಬಾಡಿಗೆಗೆ ಬಿಡುವವರೆಲ್ಲ ಒಂದು ವರ್ಷ ಬಾಡಿಗೆ ಮನೆಯಲ್ಲಿದ್ದು ನೋಡಲಿ. ಇದು ನನ್ನ ಕೊನೆಯ ಬುದ್ಧಿಮಾತು.

ಗೌರಕ್ಕ ಹೇಳಿದಂತೆ ಪ್ರತಿ ತಿಂಗಳು ಐದಕ್ಕೆ ಬರುತ್ತಾಳೆ. ಬಾಡಿಗೆ ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡು ಸೀದಾ ಅಡುಗೆಮನೆಗೆ ಹೋಗುತ್ತಾಳೆ. ಶಾರದೆ ಚಹಾಕ್ಕೆ ಇಡುತ್ತಾಳೆ. ಗೌರಕ್ಕ ಕಟ್ಟೆಗೆ ಕೈಯೂರಿ, ಸೊಂಟ ಬಗ್ಗಿಸಿ, ಒಲೆಯ ನಾಲ್ಕು ಕಾಲನ್ನೂ ಇಣುಕಿ ನೋಡುತ್ತಾಳೆ. ಆಮೇಲೆಯೇ ಚಹಾ. ಬಗ್ಗಿ ನೋಡುವುದು ನಿಂತಿಲ್ಲ. ಪ್ರತಿ ತಿಂಗಳೂ ಆಗ ನಾನು ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿರುತ್ತೇನೆ. ಅದೂ ಬಾಡಿಗೆಯ ಒಂದು ಭಾಗವೆಂದು ಒಪ್ಪಿಕೊಂಡಿದ್ದೇನೆ.

ಹೋದ ತಿಂಗಳು ಬಂದವಳು ಕಟ್ಟೆಯ ಹತ್ತಿರ ಹೋಗಿ, ಕೈಯೂರಿ, ಹಾಗೆಯೇ ನಿಂತಳು.

"ಮೊಣಕಾಲು ನೋವು ಬಸಣ್ಣ, ಬಗ್ಗಾಕಾಗಲ್ಲ" ಎಂದಳು. "ನೀನೇ ನೋಡಿ ಹೇಳು."

ನಾನು ಮಂಡಿ ಊರಿ, ಕೆನ್ನೆಯನ್ನು ಕಟ್ಟೆಗೆ ತಾಗಿಸಿ, ಒಂದೊಂದೇ ಕಾಲನ್ನು ನೋಡಿದೆ. ಇಷ್ಟು ಹೊತ್ತು ಯಾವ ಒಲೆಯನ್ನೂ ನೋಡಿದವನಲ್ಲ.

"ಏನೂ ಇಲ್ಲ ಗೌರಕ್ಕ" ಎಂದೆ.

"ಹೂಂ" ಎಂದು ಕೆಳಗೆ ಕೂತಳು. ಶಾರದೆ ಚಹಾ ಕೊಟ್ಟಳು. ಮುಗಿಸಿದ ಮೇಲೆ ಗೌರಕ್ಕ ಲೋಟ ಮುಂದೆ ಮಾಡಿದಳು.

"ಇನ್ನೊಂದಿಷ್ಟು ಐತೇನೇ ಶಾರದಾ?"